‘ರೀಡ್’ ಮತ್ತು ‘ಓದು’: ಎರಡು ಕ್ರಿಯಾಪದಗಳ ಅರ್ಥ, ಉಚ್ಚಾರಣೆ, ನಿಷ್ಪತ್ತಿ

ಕರ್ನಾಟಕದ ಹೊರಗಿದ್ದು ಹಳಗನ್ನಡ, ನಡುಗನ್ನಡ ಕೃತಿಗಳನ್ನು ಅಭ್ಯಸಿಸುವವರು ‘ಓದು’ ಎಂಬ ಮಾತು ಎದುರಾದಾಗ ನಿಘಂಟನ್ನು ತೆರೆಯುವ ಗೋಜಿಗೆ ಹೋಗುವುದಿಲ್ಲ. ಅದು ಇಂಗ್ಲಿಷಿನ ‘ರೀಡ್’ ಎಂಬುದು ಪ್ರಾಥಮಿಕ ಶಾಲೆಯಲ್ಲಿಯೇ ಕಲಿತ ಪಾಠ. ಕಠಿನ ಶಬ್ದಗಳ ವಿಷಯದಲ್ಲಿ ಸಂಶೋಧಕನು ಸಹಜವಾಗಿಯೇ ಎಚ್ಚರ ವಹಿಸುತ್ತಾನೆ. ಸುಲಭ ಶಬ್ದಗಳ ವಿಷಯದಲ್ಲಿ ಮೈಮರೆಯುತ್ತಾನೆ. ಈ ಎರಡು ಕ್ರಿಯಾಪದಗಳು ಇಂದು ಬಹುಮಟ್ಟಿಗೆ ಒಂದೇ ಕೆಲಸವನ್ನು ಹೇಳುತ್ತವೆಯಾದರೂ ಅವು ಹೊರಟ ಸ್ಥಳ ಬೇರೆ, ನಡೆದು ಬಂದ ದಾರಿ ಬೇರೆ. ಆ ಅಂತರವನ್ನು ಗಮನಿಸದೆ ಮಾಡಿದ ಭಾಷಾಂತರವು ಮಧ್ಯಕಾಲೀನ ಕನ್ನಡ ಸಮಾಜದ ವಿದ್ಯಾಸ್ಥಿತಿಯ ಬಗೆಗೇ ತಪ್ಪು ಚಿತ್ರವನ್ನು ಕೊಡಬಲ್ಲದು ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ವಿಚಾರಕ್ಕೆ ಪುಣೆ ತಕ್ಕ ಸ್ಥಳವೆಂದು ನಾವು ಭಾವಿಸುತ್ತೇವೆ. ಇಲ್ಲಿನ ಡೆಕ್ಕನ್ ಕಾಲೇಜಿನಲ್ಲಿ ೧೯೪೮ರಲ್ಲಿ ಎಸ್. ಎಂ. ಕತ್ರೆಯವರ ನೇತೃತ್ವದಲ್ಲಿ ಆರಂಭವಾದ ಸಂಸ್ಕೃತ ನಿಘಂಟು ‘ಐತಿಹಾಸಿಕ ತತ್ತ್ವಗಳ ಮೇಲೆ’ ರಚಿತವಾಗುತ್ತಿರುವುದು. ಒಂದು ಶಬ್ದ ಯಾವ ಕಾಲದ ಯಾವ ಗ್ರಂಥದಲ್ಲಿ ಯಾವ ಅರ್ಥದಲ್ಲಿ ಬಂದಿದೆ ಎಂಬುದನ್ನು ಚೀಟಿಗಳಲ್ಲಿ ಬರೆದು, ಕಾಲಾನುಕ್ರಮದಲ್ಲಿ ಜೋಡಿಸಿ, ಅರ್ಥದ ಬೆಳವಣಿಗೆಯನ್ನು ಗುರುತಿಸುವುದು ಅದರ ಕ್ರಮ. ಸುಮಾರು ಒಂದು ಕೋಟಿ ಚೀಟಿಗಳ ಆ ಸಂಗ್ರಹದ ಆಧಾರದ ಮೇಲೆ ಮೊದಲ ಭಾಗ ೧೯೭೬ರಲ್ಲಿ ಹೊರಬಂದಿತು. ಕನ್ನಡ ಭಾಷಾವಿಜ್ಞಾನಕ್ಕೂ ಈ ಸಂಸ್ಥೆ ಅಪರಿಚಿತವಲ್ಲ. ವಿಲಿಯಂ ಬ್ರೈಟ್ ಅವರು ಆಡುಗನ್ನಡವನ್ನು ಕುರಿತು ಬರೆದ ಗ್ರಂಥವನ್ನು ೧೯೫೮ರಲ್ಲಿ, ಡಿ. ಎನ್. ಶಂಕರ ಭಟ್ಟರ ತುಳು ವಿವರಣೆಯನ್ನು ೧೯೬೭ರಲ್ಲಿ, ಹವ್ಯಕ ಕನ್ನಡದ ವ್ಯಾಕರಣವನ್ನು ೧೯೭೧ರಲ್ಲಿ ಪ್ರಕಟಿಸಿದ್ದು ಇದೇ ಸಂಸ್ಥೆ. ನಿಘಂಟುಕಾರರ ಈ ಐತಿಹಾಸಿಕ ಕ್ರಮವನ್ನು ನಾವು ಇಲ್ಲಿ ಎರಡು ಸಾಮಾನ್ಯ ಕ್ರಿಯಾಪದಗಳಿಗೆ ಅನ್ವಯಿಸಿ ನೋಡಲಿದ್ದೇವೆ.

೧. ಇಂಗ್ಲಿಷ್ ಧಾತುವಿನ ಮೂಲ

ಕ್ರಿ.ಶ. ೧೧೦೦ಕ್ಕಿಂತ ಹಿಂದಿನ ಪ್ರಾಚೀನ ಇಂಗ್ಲಿಷಿನಲ್ಲಿ ‘ರೀಡ್’ ಧಾತುವಿನ ರೂಪ ‘ರ‍್ಯಾಡನ್’. ಕನ್ನಡಿಗರು ‘ಬ್ಯಾಂಕ್’ ಎನ್ನುವಾಗ ಹೊರಡಿಸುವ ಸ್ವರವನ್ನು ದೀರ್ಘವಾಗಿ ಉಚ್ಚರಿಸಿದರೆ ಅದರ ಮೊದಲ ಸ್ವರ ಸಿದ್ಧಿಸುತ್ತದೆ. ಆ ಕಾಲದಲ್ಲಿ ಅದಕ್ಕೆ ಸಲಹೆ ಕೊಡು, ಆಲೋಚಿಸು, ಊಹಿಸು, ಒಗಟನ್ನು ಬಿಡಿಸು ಎಂಬ ಅರ್ಥಗಳಿದ್ದವು. ಬರೆದುದನ್ನು ಗ್ರಹಿಸು ಎಂಬ ಅರ್ಥ ಇವುಗಳ ಜೊತೆಗೆ ಬೆಳೆದದ್ದು. ಸೋದರ ಭಾಷೆಯಾದ ಜರ್ಮನ್ ಹಳೆಯ ಅರ್ಥವನ್ನು ಇಂದಿಗೂ ಉಳಿಸಿಕೊಂಡಿದೆ. ಅಲ್ಲಿ ‘ರಾಟನ್’ ಎಂದರೆ ಸಲಹೆ ಕೊಡು, ಊಹಿಸು. ‘ರಾಟ್’ ಎಂದರೆ ಸಲಹೆ, ಮಂತ್ರಾಲೋಚನ ಸಭೆ. ‘ರಾಟ್‌ಹೌಸ್’ ಎಂದರೆ ನಗರಸಭೆಯ ಕಟ್ಟಡ. ಇಂಗ್ಲಿಷಿನಲ್ಲಿಯೇ ಒಗಟೆಂಬ ಅರ್ಥದ ‘ರಿಡಲ್’ ಈ ಧಾತುವಿನಿಂದ ಬಂದ ಮಾತು.

ಇದಕ್ಕೆ ಇತಿಹಾಸದಿಂದ ಒಂದು ಉದಾಹರಣೆ ಕೊಡಬಹುದು. ೯೭೮ರಲ್ಲಿ ಪಟ್ಟಕ್ಕೆ ಬಂದ ಇಂಗ್ಲೆಂಡಿನ ಅರಸು ಎಥೆಲ್ರೆಡ್‌ಗೆ ‘ಅನ್‌ರೆಡಿ’ ಎಂಬ ಅಡ್ಡಹೆಸರುಂಟು. ಇಂದಿನ ಇಂಗ್ಲಿಷ್ ಬಲ್ಲವರು ಅದನ್ನು ‘ಸಿದ್ಧತೆಯಿಲ್ಲದವನು’ ಎಂದು ತಿಳಿಯುತ್ತಾರೆ. ವಾಸ್ತವವಾಗಿ ‘ಎಥೆಲ್ರೆಡ್’ ಎಂದರೆ ‘ಉದಾತ್ತ ಮಂತ್ರಾಲೋಚನೆ’. ಅಡ್ಡಹೆಸರಿನ ಅರ್ಥ ‘ದುರ್ಮಂತ್ರದವನು’. ಎರಡು ಭಾಗಗಳಲ್ಲಿಯೂ ಇರುವುದು ನಮ್ಮ ಧಾತುವೇ. ಇನ್ನೂ ಹಿಂದಕ್ಕೆ ಹೋದರೆ ತೌಲನಿಕ ಭಾಷಾವಿಜ್ಞಾನಿಗಳು ಈ ಧಾತುವನ್ನು ಸಂಸ್ಕೃತದ ‘ರಾಧ್’ ಧಾತುವಿನೊಡನೆ ಸಂಬಂಧಿಸುತ್ತಾರೆ. ಕಾರ್ಯವನ್ನು ಸಾಧಿಸು, ಸರಿಯಾಗಿ ನೆರವೇರಿಸು ಎಂಬುದು ಅದರ ಅರ್ಥ. ನಾವು ನಿತ್ಯ ಬಳಸುವ ‘ಆರಾಧನೆ’ ಹೀಗೆ ‘ರೀಡ್’ ಎಂಬುದರ ದೂರದ ಬಂಧುವಾಗುತ್ತದೆ.

ಸಲಹೆಯ ಧಾತು ಅಕ್ಷರದ ಧಾತುವಾದದ್ದು ಹೇಗೆ? ಉತ್ತರ ಯುರೋಪಿನಲ್ಲಿ ಮರ, ಮೂಳೆ, ಕಲ್ಲುಗಳ ಮೇಲೆ ಕೊರೆಯುತ್ತಿದ್ದ ‘ರೂನ್’ ಲಿಪಿಯ ಗುರುತುಗಳು ಕೆಲವರಿಗಷ್ಟೇ ತಿಳಿಯುತ್ತಿದ್ದವು. ಅವುಗಳ ತಾತ್ಪರ್ಯವನ್ನು ತಿಳಿಸುವುದು ಒಗಟು ಬಿಡಿಸಿದಂತೆಯೇ ಆಗಿತ್ತು. ‘ಬಿಡಿಸಿ ಹೇಳು’ ಎಂಬ ಅರ್ಥವೇ ಕ್ರಮೇಣ ಬರಹಕ್ಕೆ ವಿಶಿಷ್ಟವಾಯಿತು. ಯುರೋಪಿನ ಇತರ ಭಾಷೆಗಳಲ್ಲಿ ಬೇರೆ ಕಲ್ಪನೆ ಕಾಣುತ್ತದೆ. ಜರ್ಮನಿನ ‘ಲೇಸನ್’, ಲ್ಯಾಟಿನ್ನಿನ ‘ಲೆಗೆರೆ’ ಇವೆರಡರ ಮೂಲಾರ್ಥ ಆಯ್ದು ಕೂಡಿಸು ಎಂಬುದು. ಲ್ಯಾಟಿನ್ ಧಾತುವಿನಿಂದ ಬಂದ ‘ಲೆಕ್ಚರ್’ ಕೂಡ ಮೂಲದಲ್ಲಿ ‘ಓದುವಿಕೆ’ಯೇ. ಒಟ್ಟಿನಲ್ಲಿ ‘ರೀಡ್’ ಎಂಬುದರ ಹಿಂದಿರುವುದು ಬುದ್ಧಿಯ ಕೆಲಸ, ಅಂದರೆ ಕಂಡ ಗುರುತಿನಿಂದ ಕಾಣದ ಅರ್ಥಕ್ಕೆ ಹೋಗುವುದು.

೨. ಉಚ್ಚಾರಣೆಯ ಸಮಸ್ಯೆ

ವರ್ತಮಾನದಲ್ಲಿ ‘ರೀಡ್’, ಭೂತಕಾಲದಲ್ಲಿ ‘ರೆಡ್’, ಬರೆಯುವಾಗ ಎರಡಕ್ಕೂ ಅವೇ ನಾಲ್ಕು ಅಕ್ಷರಗಳು. ಇದು ಇಂಗ್ಲಿಷಿನ ಹುಚ್ಚಾಟವೆಂದು ವಿದ್ಯಾರ್ಥಿಗಳು ತಿಳಿಯುವುದುಂಟು. ಇದಕ್ಕೆ ನಿಯತವಾದ ಕಾರಣಗಳಿವೆ. ಭೂತಕಾಲದ ‘ದ’ಕಾರ ಪ್ರತ್ಯಯವು ದಕಾರಾಂತ ಧಾತುವಿಗೆ ಸೇರಿದಾಗ ದ್ವಿತ್ವ ಉಂಟಾಯಿತು. ದ್ವಿತ್ವದ ಹಿಂದಿನ ದೀರ್ಘಸ್ವರ ಹ್ರಸ್ವವಾಯಿತು. ವರ್ತಮಾನ ರೂಪದಲ್ಲಿ ದ್ವಿತ್ವವಿಲ್ಲದ ಕಾರಣ ದೀರ್ಘ ಉಳಿಯಿತು. ಮುಂದೆ ಹದಿನೈದನೆಯ ಶತಮಾನದಿಂದ ಹದಿನೆಂಟನೆಯ ಶತಮಾನದವರೆಗೆ ಇಂಗ್ಲಿಷಿನ ದೀರ್ಘಸ್ವರಗಳೆಲ್ಲ ಸ್ಥಾನಪಲ್ಲಟ ಹೊಂದಿದಾಗ ಈ ದೀರ್ಘ ಏಕಾರವು ಈಕಾರವಾಯಿತು. ಹ್ರಸ್ವ ಎಕಾರ ಇದ್ದಲ್ಲಿಯೇ ಇತ್ತು. ಆದರೆ ೧೪೭೬ರಲ್ಲಿ ಕ್ಯಾಕ್ಸ್‌ಟನ್ ಇಂಗ್ಲೆಂಡಿನಲ್ಲಿ ಮುದ್ರಣಾಲಯ ಸ್ಥಾಪಿಸಿದ ಮೇಲೆ ಕಾಗುಣಿತವು ಕ್ರಮೇಣ ಸ್ಥಿರಗೊಳ್ಳತೊಡಗಿತ್ತು. ನಾಲಗೆ ಮುಂದೆ ಸಾಗಿತು, ಬರಹ ಹಿಂದೆ ಉಳಿಯಿತು. ‘ಲೀಡ್–ಲೆಡ್’, ‘ಫೀಡ್–ಫೆಡ್’ ಎಂಬ ಜೋಡಿಗಳಲ್ಲಿಯೂ ಇದೇ ವ್ಯತ್ಯಾಸವಿದೆ; ಅಲ್ಲಿ ಬರಹ ಉಚ್ಚಾರಣೆಯನ್ನು ಅನುಸರಿಸಿದೆ, ಇಲ್ಲಿ ಅನುಸರಿಸಿಲ್ಲ.

ಕನ್ನಡ ಬಲ್ಲವರಿಗೆ ಇದು ಹೊಸ ಸಂಗತಿಯೇನಲ್ಲ. ಬೀಳು–ಬಿದ್ದ, ಏಳು–ಎದ್ದ, ಸಾಯು–ಸತ್ತ ಎಂಬಲ್ಲಿ ದ್ವಿತ್ವದ ಹಿಂದೆ ದೀರ್ಘ ಹ್ರಸ್ವವಾಗುವುದನ್ನು ನಾವು ದಿನವೂ ಆಡುತ್ತಿದ್ದೇವೆ. ಎರಡು ಭಾಷೆಗಳಿಗೆ ಇದರಿಂದ ಬಂಧುತ್ವವೇನೂ ಸಿದ್ಧವಾಗುವುದಿಲ್ಲ. ಒಂದೇ ಬಗೆಯ ಧ್ವನಿಪ್ರವೃತ್ತಿ ಬೇರೆಬೇರೆ ಕಡೆ ತಲೆದೋರುತ್ತದೆ, ಅಷ್ಟೆ. ‘ಓದು’ ಧಾತುವಿನಲ್ಲಿಯಾದರೋ ಭೂತಕಾಲ ‘ಓದಿದ’ ಎಂದಾಗುವುದರಿಂದ, ನಡುವೆ ಇಕಾರ ಬಂದು ದ್ವಿತ್ವಕ್ಕೆ ಎಡೆಯಿಲ್ಲ. ದೀರ್ಘ ಹಾಗೆಯೇ ಉಳಿದಿದೆ. ಆಡುಮಾತಿನಲ್ಲಿ ಪದಾದಿಯ ಓಕಾರದ ಹಿಂದೆ ನಸುವಾದ ವಕಾರ ಸೇರಿ ‘ವೋದು’ ಎಂದು ಕೇಳಿಸುವುದುಂಟು. ಅದು ಬರಹದಲ್ಲಿ ಬರುವುದಿಲ್ಲ.

೩. ಕನ್ನಡದ ‘ಓದು’

ಬರೋ ಮತ್ತು ಎಮನೋ ಅವರ ದ್ರಾವಿಡ ನಿಷ್ಪತ್ತಿ ನಿಘಂಟು ೧೯೬೧ರಲ್ಲಿಯೂ ಅದರ ಪರಿಷ್ಕೃತ ಆವೃತ್ತಿ ೧೯೮೪ರಲ್ಲಿಯೂ ಪ್ರಕಟವಾದವು. ಅಲ್ಲಿನ ಸಾಮಗ್ರಿಯ ಬೆಳಕಿನಲ್ಲಿ ನೋಡಿದರೆ ಈ ಧಾತು ಅಚ್ಚ ದ್ರಾವಿಡ. ತಮಿಳಿನ ‘ಓತು’ ಎಂಬುದಕ್ಕೆ ಪಠಿಸು, ಮಂತ್ರ ಹೇಳು ಎಂಬ ಅರ್ಥಗಳು ಮುಖ್ಯ. ಶಿವಾಲಯಗಳಲ್ಲಿ ತೇವಾರವನ್ನು ಹಾಡುವವರು ‘ಓದುವಾರ್’. ಮಲಯಾಳದಲ್ಲಿ ‘ಓತ್ತ್’ ಎಂದರೆ ವೇದಪಠನ. ಮಾಪಿಳ್ಳೆಯರಲ್ಲಿ ಕುರಾನ್ ಪಠನ ಕಲಿಸುವ ಶಾಲೆ ‘ಓತ್ತುಪಳ್ಳಿ’. ತುಳುವಿನಲ್ಲಿ ‘ಓದುನಿ’. ಈ ಭಾಷೆಗಳಲ್ಲೆಲ್ಲ ಸಮಾನವಾಗಿ ಉಳಿದಿರುವ ಅಂಶ ಬಾಯಿ ಮತ್ತು ಧ್ವನಿ. ಕಣ್ಣು ಮತ್ತು ಲಿಪಿ ಅಲ್ಲ.

ಕನ್ನಡದ ಜನಬಳಕೆಯಲ್ಲಿ ಈ ಹಳೆಯ ಅರ್ಥ ಇಂದಿಗೂ ಜೀವಂತವಾಗಿದೆ. ಮದುವೆಮನೆಯಲ್ಲಿ ‘ಮುಯ್ಯಿ ಓದಿಸುವುದು’ ಎಂಬ ಮಾತನ್ನು ಗಮನಿಸಬೇಕು. ಕೊಟ್ಟವರ ಹೆಸರನ್ನೂ ಕೊಟ್ಟ ಕಾಣಿಕೆಯನ್ನೂ ಸಭೆಗೆ ಕೇಳುವಂತೆ ಕೂಗಿ ಹೇಳುತ್ತಿದ್ದುದರಿಂದ ಉಡುಗೊರೆ ಕೊಡುವುದಕ್ಕೇ ‘ಓದಿಸು’ ಎಂಬ ಅರ್ಥ ಬಂದಿತು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮೊಹರಂ ಕಾಲದಲ್ಲಿಯೂ ದರ್ಗಾಗಳಲ್ಲಿಯೂ ‘ಸಕ್ಕರೆ ಓದಿಸುವುದು’ ರೂಢಿ. ಸಕ್ಕರೆಯನ್ನು ಮುಂದಿಟ್ಟು ಫಾತಿಹಾ ಹೇಳಿಸುವುದಕ್ಕೆ ಆ ಹೆಸರು. ಇವುಗಳಲ್ಲಿ ಪುಸ್ತಕದ ಅಗತ್ಯವಿಲ್ಲ. ಈ ಎರಡು ಪ್ರಯೋಗಗಳನ್ನು ‘ರೀಡ್’ ಎಂದು ಭಾಷಾಂತರಿಸಿದರೆ ಅರ್ಥವೇ ಹೊರಡುವುದಿಲ್ಲ.

ಮಧ್ಯಕಾಲದ ಶಾಸನಗಳಲ್ಲಿ ವೇದವನ್ನು ಓದಿಸುವ ಉಪಾಧ್ಯಾಯರಿಗೆ, ಓದುವ ಮಾಣಿಗಳಿಗೆ ದತ್ತಿ ಬಿಟ್ಟ ಉಲ್ಲೇಖಗಳು ದೊರೆಯುತ್ತವೆ. ಕಲಬುರಗಿ ಜಿಲ್ಲೆಯ ಚಿತ್ತಾಪುರದ ಸಮೀಪದ ನಾಗಾವಿಯ ಘಟಿಕಾಸ್ಥಾನವನ್ನು ಕುರಿತ ೧೦೫೮ರ ಶಾಸನ ಪ್ರಸಿದ್ಧವಾದುದು. ಅಲ್ಲಿ ವೇದವನ್ನು ಕಲಿಯುವ ೨೦೦ ಮಂದಿಗೂ ಶಾಸ್ತ್ರವನ್ನು ಕಲಿಯುವ ೫೨ ಮಂದಿಗೂ ಏರ್ಪಾಡು ಇದ್ದಿತು. ಜೊತೆಗೆ ಗ್ರಂಥಗಳನ್ನು ನೋಡಿಕೊಳ್ಳುವ ಆರು ಮಂದಿ ಸರಸ್ವತೀ ಭಂಡಾರಿಗರು. ಈ ಕೊನೆಯ ವಿವರ ಮಹತ್ತ್ವದ್ದು. ‘ಓದು’ ಧ್ವನಿಮೂಲವಾದುದು ಎಂದ ಮಾತ್ರಕ್ಕೆ ಆ ಕಾಲದಲ್ಲಿ ಗ್ರಂಥಗಳೇ ಇರಲಿಲ್ಲವೆಂದು ಭಾವಿಸಬಾರದು. ಗ್ರಂಥವಿತ್ತು, ಗ್ರಂಥಪಾಲಕನಿದ್ದ, ಆದರೂ ವಿದ್ಯೆ ನೆಲೆಯಾಗುತ್ತಿದ್ದುದು ನಾಲಗೆಯ ಮೇಲೆ. ಕಾವ್ಯಗಳ ಫಲಶ್ರುತಿಗಳು ಬರೆದವರು, ಓದಿದವರು, ಕೇಳಿದವರು ಎಂದು ಮೂವರನ್ನೂ ಹರಸುವುದು ಇದೇ ಕಾರಣದಿಂದ. ಓದುವವನಿದ್ದರೆ ಕೇಳುವವನಿರಲೇಬೇಕು. ಕುಮಾರವ್ಯಾಸನ ಭಾರತವು ನಾಡಿನ ಮನೆಮಾತಾದದ್ದು ಗಮಕಿಗಳ ಇಂಥ ಓದಿನಿಂದ. ಹನ್ನೆರಡನೆಯ ಶತಮಾನದ ವಚನಕಾರರು ಓದನ್ನು ಪ್ರಶ್ನಿಸುವಾಗಲೂ ಅವರ ಲಕ್ಷ್ಯ ಬಹುಮಟ್ಟಿಗೆ ನಡೆಯಿಲ್ಲದ ಕಂಠಪಾಠದ ಮೇಲೆ. ವೇದವನ್ನು ಓದಿಗೂ ಶಾಸ್ತ್ರವನ್ನು ಸಂತೆಯ ಸುದ್ದಿಗೂ ಸೇರಿಸುವ ಅಲ್ಲಮನ ವಚನದಲ್ಲಿ ಓದು, ಸುದ್ದಿ ಎರಡೂ ಬಾಯಿಯ ವ್ಯಾಪಾರಗಳೇ ಎಂಬುದನ್ನು ಮರೆಯಬಾರದು.

ಪಠಿಸಿ ಕಲಿಯುವುದೇ ವಿದ್ಯೆಯಾದ್ದರಿಂದ ‘ಓದು’ ಎಂಬುದಕ್ಕೆ ‘ವ್ಯಾಸಂಗ ಮಾಡು’ ಎಂಬ ವ್ಯಾಪಕವಾದ ಅರ್ಥ ಬಂದಿತು. ‘ಮಗಳು ಓದುತ್ತಿದ್ದಾಳೆ’ ಎಂದರೆ ಅವಳ ಕೈಯಲ್ಲಿ ಈಗ ಪುಸ್ತಕವಿದೆ ಎಂದೂ ಆಗಬಹುದು, ಅವಳು ಕಾಲೇಜಿನಲ್ಲಿದ್ದಾಳೆ ಎಂದೂ ಆಗಬಹುದು. ‘ಮಗನನ್ನು ಓದಿಸಿದರು’ ಎಂದರೆ ವಿದ್ಯಾಭ್ಯಾಸ ಮಾಡಿಸಿದರು ಎಂದೇ ಅರ್ಥ. ಬ್ರಿಟನ್ನಿನ ವಿಶ್ವವಿದ್ಯಾಲಯಗಳ ರೂಢಿಯಲ್ಲಿ ಇತಿಹಾಸವನ್ನು ‘ರೀಡ್’ ಮಾಡುವುದೆಂದರೆ ಆ ವಿಷಯದಲ್ಲಿ ವ್ಯಾಸಂಗ ಮಾಡುವುದು. ಎರಡು ಧಾತುಗಳು ಸ್ವತಂತ್ರವಾಗಿ ಬೆಳೆದು ಸಂಧಿಸಿರುವ ಒಂದು ಸ್ಥಳ ಇದು.

೪. ಪುಣೆಯಲ್ಲಿ ಕೇಳುವ ಎರಡು ಮಾತುಗಳು

ಮರಾಠಿಯಲ್ಲಿ ಇದೇ ಕೆಲಸಕ್ಕೆ ‘ವಾಚಣೇ’ ಎಂದು ಹೆಸರು. ಸಂಸ್ಕೃತದ ‘ವಾಚಯತಿ’, ಅಂದರೆ ‘ನುಡಿಸುತ್ತಾನೆ’ ಎಂಬುದು ಅದರ ಮೂಲ. ಮೌನವಾಗಿರುವ ಅಕ್ಷರವನ್ನು ಮಾತನಾಡಿಸುವುದೇ ಓದು ಎಂಬ ಕಲ್ಪನೆ ಇಲ್ಲಿದೆ. ತಮಿಳಿನ ‘ವಾಸಿ’, ಮಲಯಾಳದ ‘ವಾಯಿಕ್ಕುಕ’, ಕನ್ನಡದ ‘ವಾಚಿಸು’ ಇವೂ ಅದೇ ಮೂಲದವು. ಮರಾಠಿಯಲ್ಲಿ ಬದುಕಿ ಉಳಿ ಎಂಬ ಅರ್ಥದ ಇನ್ನೊಂದು ‘ವಾಚಣೇ’ ಉಂಟು. ಅದು ಹಿಂದಿಯ ‘ಬಚ್‌ನಾ’ ಎಂಬುದರ ಬಂಧು. ಇವೆರಡನ್ನು ಸೇರಿಸಿದ ‘ವಾಚಾಲ್ ತರ್ ವಾಚಾಲ್’, ಅಂದರೆ ಓದಿದರೆ ಉಳಿಯುವಿರಿ, ಎಂಬ ಘೋಷವಾಕ್ಯ ಮಹಾರಾಷ್ಟ್ರದಲ್ಲಿ ಜನಪ್ರಿಯವಾಗಿದೆ. ಶ್ಲೇಷೆ ಸೊಗಸಾಗಿದೆ, ನಿಷ್ಪತ್ತಿ ಮಾತ್ರ ಬೇರೆಬೇರೆ. ವ್ಯಾಸಂಗ ಮಾಡು ಎನ್ನಲು ಮರಾಠಿಗೆ ‘ಶಿಕಣೇ’ ಎಂಬ ಬೇರೆ ಮಾತಿದೆ. ಆದ್ದರಿಂದ ಕನ್ನಡದ ‘ಓದು’ ಕಂಡಲ್ಲೆಲ್ಲ ‘ವಾಚಣೇ’ ಎಂದು ಬರೆಯುವ ಮರಾಠಿ ಭಾಷಾಂತರಕಾರನು ಅರ್ಧ ಅರ್ಥವನ್ನು ಕಳೆದುಕೊಳ್ಳುತ್ತಾನೆ. ಈ ವಿಷಯದಲ್ಲಿ ಹಿಂದಿಯ ‘ಪಢ್‌ನಾ’ ಕನ್ನಡಕ್ಕೆ ಹತ್ತಿರ.

‘ಪಢ್‌ನಾ’ ಬಂದಿರುವುದು ಪಠಿಸು ಎಂಬ ಅರ್ಥದ ‘ಪಠ್’ ಧಾತುವಿನಿಂದ. ‘ಪಾಠ’ ಎಂಬ ಶಬ್ದವೂ ಅಲ್ಲಿಂದಲೇ ಬಂದದ್ದು. ಅದು ಗಡಿ ದಾಟಿದಾಗ ಅರ್ಥ ಬದಲಾಗುತ್ತದೆ. ಕನ್ನಡದಲ್ಲಿ ‘ಪಾಠ ಮಾಡು’ ಎಂದರೆ ಕಲಿಸು. ಮರಾಠಿಯಲ್ಲಿ ‘ಪಾಠ ಕರಣೇ’ ಎಂದರೆ ಬಾಯಿಪಾಠ ಮಾಡು. ಗ್ರಂಥಸಂಪಾದನೆಯಲ್ಲಿ ಈ ಶಬ್ದದ ಸ್ಥಾನ ಇನ್ನೂ ಕುತೂಹಲಕರ. ಪುಣೆಯ ಭಂಡಾರಕರ್ ಪ್ರಾಚ್ಯವಿದ್ಯಾ ಸಂಶೋಧನ ಮಂದಿರವು ೧೯೧೯ರಲ್ಲಿ ಕೈಗೊಂಡು ೧೯೬೬ರಲ್ಲಿ ಪೂರೈಸಿದ ಮಹಾಭಾರತದ ಪರಿಷ್ಕೃತ ಆವೃತ್ತಿಗಾಗಿ ೧,೨೫೯ ಹಸ್ತಪ್ರತಿಗಳನ್ನು ಪರಿಶೀಲಿಸಲಾಯಿತು. ಪ್ರತಿಯಿಂದ ಪ್ರತಿಗೆ ಭೇದವಿರುವ ಸ್ಥಳವನ್ನು ಸಂಸ್ಕೃತದಲ್ಲಿಯೂ ಕನ್ನಡದಲ್ಲಿಯೂ ‘ಪಾಠಾಂತರ’ ಎನ್ನುತ್ತೇವೆ, ಇಂಗ್ಲಿಷಿನಲ್ಲಿ ಭಿನ್ನ ‘ರೀಡಿಂಗ್’ ಎನ್ನುತ್ತಾರೆ. ವಸ್ತು ಒಂದೇ, ಒಂದು ಹೆಸರಿನಲ್ಲಿ ಪಠಿಸಿದವನ ಧ್ವನಿಯಿದೆ, ಇನ್ನೊಂದರಲ್ಲಿ ಗುರುತನ್ನು ಬಿಡಿಸಿದವನ ಊಹೆಯಿದೆ. ಬಾಯಿಂದ ಬಾಯಿಗೆ ಹರಿದ ಕೃತಿಗಳಲ್ಲಿ ಭೇದವು ಲಿಪಿಕಾರನ ಕಣ್ತಪ್ಪಿನಿಂದ ಮಾತ್ರವಲ್ಲದೆ ಗಾಯಕನ ನಾಲಗೆಯಿಂದಲೂ ಹುಟ್ಟುತ್ತದೆ ಎಂಬುದನ್ನು ‘ಪಾಠಾಂತರ’ ಎಂಬ ಹೆಸರೇ ನೆನಪಿಸುತ್ತದೆ.

೫. ಕವಿರಾಜಮಾರ್ಗದ ಒಂದು ಪ್ರಯೋಗ

ಇಷ್ಟು ಪೀಠಿಕೆಯ ಮೇಲೆ ಮುಖ್ಯ ವಿಷಯಕ್ಕೆ ಬರಬಹುದು. ಸುಮಾರು ೮೫೦ರಲ್ಲಿ, ರಾಷ್ಟ್ರಕೂಟ ಅರಸು ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯನು ರಚಿಸಿದ ‘ಕವಿರಾಜಮಾರ್ಗ’ವು ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಮೊದಲನೆಯದು. ೧೮೯೮ರಲ್ಲಿ ಇದನ್ನು ಮೊದಲು ಸಂಪಾದಿಸಿ ಪ್ರಕಟಿಸಿದ ಕೆ. ಬಿ. ಪಾಠಕರು ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿದ್ದವರು. ಕಾವೇರಿಯಿಂದ ಗೋದಾವರಿಯವರೆಗಿನ ನಾಡು ಕನ್ನಡದ್ದೆಂದು ವರ್ಣಿಸುವ ಭಾಗದಲ್ಲಿ ಕವಿಯು ಆ ನಾಡಿನ ಜನರನ್ನು ಕುರಿತು, ಅವರು ‘ಕುರಿತೋದದೆ’ಯೂ ಕಾವ್ಯಪ್ರಯೋಗದಲ್ಲಿ ಪರಿಣತರು ಎಂಬ ಆಶಯದ ಪ್ರಶಂಸೆಯನ್ನು ಮಾಡುತ್ತಾನೆ. ಶೆಲ್ಡನ್ ಪೊಲಾಕ್ ಅವರ ೨೦೦೬ರ ಗ್ರಂಥದ ತರುವಾಯ ಈ ಕೃತಿಯು ಇಂಗ್ಲಿಷ್ ಬಲ್ಲ ಸಂಶೋಧಕರ ಗಮನವನ್ನು ವಿಶೇಷವಾಗಿ ಸೆಳೆದಿದೆ. ಹೀಗಾಗಿ ಆ ಒಂದು ಪದದ ಅರ್ಥನಿರ್ಣಯಕ್ಕೆ ಹಿಂದಿಗಿಂತ ಹೆಚ್ಚಿನ ಮಹತ್ತ್ವ ಬಂದಿದೆ.

‘ಕುರಿತೋದದೆ’ ಎಂಬುದನ್ನು ‘ರೀಡ್ ಮಾಡದೆ’ ಎಂದು ತಿಳಿದರೆ ಎರಡು ವಿಪರೀತ ತೀರ್ಮಾನಗಳಿಗೆ ದಾರಿಯಾಗುತ್ತದೆ. ಒಂದು, ಆ ಕಾಲದ ಕನ್ನಡಿಗರು ಅಕ್ಷರ ಅರಿಯದವರು ಎಂಬುದು. ಇನ್ನೊಂದು, ಪುಸ್ತಕವೇ ಇಲ್ಲದ ಶುದ್ಧ ಮೌಖಿಕ ಕಾವ್ಯಪರಂಪರೆಗೆ ಇದು ಸಾಕ್ಷಿ ಎಂಬುದು. ಪದ್ಯವು ಈ ಎರಡಕ್ಕೂ ಆಧಾರವಾಗಲಾರದು. ‘ಕುರಿತು’ ಎಂದರೆ ಗುರಿಯಿಟ್ಟು, ಉದ್ದೇಶಪೂರ್ವಕವಾಗಿ. ‘ಓದು’ ಎಂದರೆ ಪಠಿಸಿ ಕಲಿಯುವುದು, ಶಾಸ್ತ್ರಾಭ್ಯಾಸ. ಕ್ರಮವಾಗಿ ಕಾವ್ಯಶಾಸ್ತ್ರವನ್ನು ಅಭ್ಯಾಸ ಮಾಡದಿದ್ದರೂ ಈ ಜನಕ್ಕೆ ಕಾವ್ಯದ ಪ್ರಯೋಗ ಸಹಜವಾಗಿ ಬರುತ್ತದೆ ಎಂಬುದು ಕವಿಯ ಅಭಿಪ್ರಾಯ. ಸ್ವತಃ ಕಾವ್ಯಶಾಸ್ತ್ರವನ್ನು ರಚಿಸಲು ಹೊರಟ ಲಾಕ್ಷಣಿಕನು ಈ ಮಾತನ್ನು ಹೇಳುತ್ತಿದ್ದಾನೆ ಎಂಬುದು ಗಮನಾರ್ಹ. ತಾನು ಕಲಿಸಲಿರುವ ಶಾಸ್ತ್ರಕ್ಕೂ ಜನರಲ್ಲಿ ಮೊದಲೇ ಇರುವ ಶಕ್ತಿಗೂ ಇರುವ ಸಂಬಂಧ ಅವನ ಚಿಂತನೆಯ ವಿಷಯ. ಜನರ ಅಕ್ಷರಜ್ಞಾನದ ಪ್ರಮಾಣ ಅವನ ಪ್ರಸ್ತಾಪದಲ್ಲಿಯೇ ಇಲ್ಲ. ಒಂಬತ್ತನೆಯ ಶತಮಾನದ ದಖ್ಖನಿನ ಸಾಕ್ಷರತೆಯನ್ನು ಕುರಿತು ಬರೆಯುವವರು ಶಾಸನ, ಲಿಪಿಕಾರ, ಘಟಿಕಾಸ್ಥಾನಗಳ ಸಾಕ್ಷ್ಯವನ್ನು ಆಶ್ರಯಿಸಬೇಕು. ಈ ಪದ್ಯವನ್ನು ಯಾವ ಪಕ್ಷದವರೂ ಎಳೆದುಕೊಳ್ಳಲಾಗದು.

೬. ಹೊಸ ಅರ್ಥ, ಕೆಲವು ಸೂಚನೆಗಳು

ಆಧುನಿಕ ಕಾಲದಲ್ಲಿ ‘ಓದು’ ಇನ್ನೊಂದು ತಿರುವನ್ನು ಪಡೆದಿದೆ. ‘ಪಂಪನ ಮರುಓದು’, ‘ಸ್ತ್ರೀವಾದಿ ಓದು’ ಎಂಬಂಥ ಮಾತುಗಳು ಈಚಿನ ದಶಕಗಳ ಕನ್ನಡ ವಿಮರ್ಶೆಯಲ್ಲಿ ಸಾಮಾನ್ಯವಾಗಿವೆ. ಇಲ್ಲಿ ಓದು ಎಂದರೆ ಅರ್ಥೈಸುವುದು, ಕೃತಿಯೊಳಗಿನ ಒಗಟನ್ನು ಬಿಡಿಸುವುದು. ಇದು ಇಂಗ್ಲಿಷ್ ‘ರೀಡಿಂಗ್’ ಎಂಬುದರ ಪ್ರಭಾವದಿಂದ ಬಂದದ್ದು. ಸಾವಿರ ವರ್ಷಗಳ ಹಿಂದೆ ‘ರ‍್ಯಾಡನ್’ ಧಾತುವಿಗಿದ್ದ ಅರ್ಥವು ಹೀಗೆ ಕನ್ನಡದ ಧಾತುವಿಗೆ ಈಗ ಬಂದು ಸೇರಿದೆ. ಇದರಲ್ಲಿ ಆಕ್ಷೇಪಿಸಬೇಕಾದುದೇನಿಲ್ಲ. ಆದರೆ ಇಂದಿನ ಈ ಅರ್ಥವನ್ನು ಹಿಂದಿನ ಕೃತಿಗಳ ಮೇಲೆ ಹೇರಬಾರದು.

ಹೊರರಾಜ್ಯದ ಸಂಶೋಧಕರ ಉಪಯೋಗಕ್ಕಾಗಿ ನಾವು ಅನುಸರಿಸುವ ಕ್ರಮವನ್ನು ಇಲ್ಲಿ ಸಂಗ್ರಹಿಸಬಹುದು. ಹಳೆಯ ಪಠ್ಯದಲ್ಲಿ ‘ಓದು’ ಬಂದಾಗ ಮೊದಲು ಅದರ ಕರ್ಮಪದವನ್ನು ನೋಡಬೇಕು. ವೇದ, ಮಂತ್ರ, ಸ್ತೋತ್ರಗಳಿದ್ದರೆ ‘ಪಠಿಸು’ ಎಂಬ ಅರ್ಥ ಮೊದಲು ನಿಲ್ಲುತ್ತದೆ. ಓಲೆ, ಶಾಸನಗಳಿದ್ದರೆ ಬರಹವನ್ನು ನೋಡಿ ಗಟ್ಟಿಯಾಗಿ ಹೇಳು ಎಂದು ಗ್ರಹಿಸಬೇಕು. ಅರಸನು ಓಲೆಯನ್ನು ‘ಓದಿಸಿ ಕೇಳುವುದು’ ಅವನಿಗೆ ಅಕ್ಷರ ಬಾರದು ಎಂಬುದರ ಲಕ್ಷಣವಲ್ಲ, ಆಸ್ಥಾನದ ರೀತಿ. ಕರ್ಮಪದವೇ ಇ‌ಲ್ಲದಿದ್ದರೆ ‘ವಿದ್ಯಾಭ್ಯಾಸ ಮಾಡು’ ಎಂಬ ಅರ್ಥವನ್ನು ಪರಿಶೀಲಿಸಬೇಕು. ‘ಓದಿಸು’ ಎಂಬ ಪ್ರೇರಣಾರ್ಥಕ ರೂಪದ ಮುಂದೆ ಉಪಾಧ್ಯಾಯನಿದ್ದರೆ ‘ಕಲಿಸು’, ಕಾಣಿಕೆಯಿದ್ದರೆ ‘ಸಭೆಯಲ್ಲಿ ಸಾರಿಸಿ ಕೊಡು’. ಈ ಯಾವುದೂ ಹೊಂದದೆ ಇದ್ದಾಗ ಮಾತ್ರ ಕಣ್ಣಿನಿಂದ ನಡೆಯುವ ಇಂದಿನ ಮೌನದ ಓದನ್ನು ಊಹಿಸಬಹುದು.

ಇಂಗ್ಲಿಷಿಗೆ ತಿರುಗಿಸುವಾಗ ಈ ಅರ್ಥಗಳಿಗೆ ಒಂದೇ ಕ್ರಿಯಾಪದವನ್ನು ಬಳಸುವುದಕ್ಕಿಂತ ಸಂದರ್ಭಕ್ಕೆ ತಕ್ಕಂತೆ ಬೇರೆಬೇರೆ ಕ್ರಿಯಾಪದಗಳನ್ನು ಬಳಸಿ, ಮೂಲದಲ್ಲಿರುವುದು ‘ಓದು’ ಎಂದು ಅಡಿಟಿಪ್ಪಣಿಯಲ್ಲಿ ಸೂಚಿಸುವುದು ಒಳ್ಳೆಯದು. ಆಗ ಕನ್ನಡ ಬಾರದ ಇತಿಹಾಸಕಾರನೂ ಆ ಅನುವಾದವನ್ನು ನಂಬಿ ಮುಂದಿನ ವಿಚಾರವನ್ನು ಕಟ್ಟಬಹುದು.